ಮನೆಯಂಗಳದ ವಿಜ್ಞಾನ: ಗಾಜಿನ ತೊಟ್ಟಿಯ ಕಡಲು

ಮನೆಯಲ್ಲಿ ಬಣ್ಣದ ಮೀನು ಸಾಕುವ ಬಗೆಯನ್ನು ಕುರಿತು ಬರೆಯಬೇಕೆಂದು ಈ ಅಂಕಣದ ಓದುಗ ಬಂಧುಗಳು ಕೆಲವರು ಕೇಳಿದ್ದಾರೆ. ಬರೆಯಲು ನನಗೆ ಸಂಕೋಚವಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿದವನು ನಾನು. ಸಾರಜನಕದ ಚಕ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ 2022ರ ಬೇಸಿಗೆ ರಜೆಯಲ್ಲಿ, ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ನಾಲ್ಕು ಕಡಲ ಮೀನುಗಳು ಐದೇ ದಿನಗಳಲ್ಲಿ ಮೊಮ್ಮಗನ ಕಣ್ಣೆದುರಿಗೇ ಸತ್ತವು.

ಅವನು ಅದಕ್ಕೆ ಮೊದಲು ಗಪ್ಪಿ ಮೀನುಗಳನ್ನು ಸಾಕಿದ್ದ. ನಲ್ಲಿಯಲ್ಲಿ ಬರುವ ತುಂಗೆಯ ನೀರನ್ನು ಒಂದು ದಿನ ತೆರೆದಿಟ್ಟು, ಮರುದಿನವೇ ಮೀನು ಬಿಟ್ಟರೂ ಅವು ಬದುಕಿದ್ದವು. ಆ ಧೈರ್ಯದಿಂದಲೇ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯನ್ನು ತಂದು, 170 ಲೀಟರ್ ನೀರಿಗೆ ಸುಮಾರು ಆರು ಕಿಲೋ ಕೃತಕ ಸಮುದ್ರಲವಣ ಕಲಸಿದೆವು. ಲೀಟರಿಗೆ 35 ಗ್ರಾಂ, ಕಡಲಿನ ಲೆಕ್ಕವೇ ಅದು. (ಅಡಿಗೆಯ ಉಪ್ಪು ಇದಕ್ಕೆ ಸಲ್ಲದು, ಕಡಲ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವು ಅದರಲ್ಲಿ ಇರುವುದಿಲ್ಲ.) ನೀರು ಕನ್ನಡಿಯಂತೆ ತಿಳಿಯಾಗಿತ್ತು. ಮೂರನೆಯ ದಿನ ಮೀನು ಬಿಟ್ಟೆವು. ಮಾರಿದವರೂ ಬೇಡವೆನ್ನಲಿಲ್ಲ, ನಾನೂ ಬೇಡವೆನ್ನಲಿಲ್ಲ.

ಎರಡು ದಿನಗಳಲ್ಲಿ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು; ಕಿವಿರುಗಳು ಕೆಂಪೇರಿದ್ದವು. “ಉಪ್ಪು ಹೆಚ್ಚಾಯಿತೇನೋ ನೋಡಿ” ಎಂದರು ನಮ್ಮ ಮನೆಯವರು. ಹಸಿದಿರಬಹುದೆಂದು ನಾನು ಇನ್ನೊಂದು ಚಿಟಿಕೆ ಆಹಾರ ಹಾಕಿದೆ. ಆ ಚಿಟಿಕೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಕೊನೆಯ ಮೀನನ್ನು ಹಿತ್ತಿಲ ದಾಸವಾಳದ ಬುಡದಲ್ಲಿ ಹೂಳುವಾಗ ಹುಡುಗ, “ಅಜ್ಜ, ನೀನು ಮೇಷ್ಟ್ರಲ್ವಾ, ನಿನಗೆ ಗೊತ್ತಾಗಲಿಲ್ವಾ?” ಎಂದು ಕೇಳಿದ. ಆಮೇಲೆ ಆ ತೊಟ್ಟಿಯ ಬಳಿಗೇ ಅವನು ಸುಳಿಯಲಿಲ್ಲ.

ಗೊತ್ತಿರಬೇಕಾಗಿತ್ತು. ಮೀನು ತನ್ನ ದೇಹದ ಸಾರಜನಕದ ಕಶ್ಮಲವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿಯೇ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಗಂಜಲ ನಿಂತ ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟನ್ನು ಬಲ್ಲವರಿಗೆ ಇದರ ಪರಿಚಯ ಬೇಕಿಲ್ಲ. ತೊಟ್ಟಿಯಲ್ಲಿ ಮಾತ್ರ ಅದು ಘಾಟು ತೋರುವ ಬಹಳ ಮೊದಲೇ ಮೀನನ್ನು ಕೊಲ್ಲುತ್ತದೆ.

ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ: ಅಷ್ಟಾಗಿ ಕೇಡು ಮಾಡದ ಅಮೋನಿಯಂ ಅಯಾನು, ಮತ್ತು ವಿಷವಾದ ಅಮೋನಿಯಾ. ಪಿ.ಎಚ್. 7 ಇರುವ ಸಿಹಿನೀರಿನಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ವಿಷರೂಪದ ಅಂಶ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಕಡಲ ನೀರಿನ ಪಿ.ಎಚ್. 8.2ರ ಆಸುಪಾಸು, ಅಲ್ಲಿ ಅದು ನೂರಕ್ಕೆ ಏಳೆಂಟು ಪಾಲಾಗುತ್ತದೆ. ನೀರು ಬಿಸಿಯಾದಂತೆ ಇನ್ನೂ ಏರುತ್ತದೆ. ಗಪ್ಪಿಗಳನ್ನು ಉಳಿಸಿದ ಅದೇ ಅಜಾಗರೂಕತೆ ಕಡಲ ಮೀನುಗಳನ್ನು ಏಕೆ ಕೊಂದಿತೆಂಬುದು ಇಷ್ಟರಲ್ಲಿಯೇ ತಿಳಿಯುತ್ತದೆ.

ಪರಿಹಾರವಿರುವುದು ಬ್ಯಾಕ್ಟೀರಿಯಾಗಳಲ್ಲಿ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಮತ್ತೊಂದು ಬಗೆಯವು ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟ್ ಮಾಡುತ್ತವೆ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇವುಗಳನ್ನು ಬೇರ್ಪಡಿಸಿ ತೋರಿಸಿದರು. ಎರಡನೆಯದನ್ನು ನಾವು ತರಗತಿಯಲ್ಲಿ ನೈಟ್ರೊಬ್ಯಾಕ್ಟರ್ ಎಂದೇ ಹೇಳುತ್ತಿದ್ದೆವು. ಮೀನುತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರಾ ಎಂದು 1990ರ ದಶಕದ ಕೊನೆಯಲ್ಲಿ ತಿಳಿದುಬಂತು. ಹೆಪ್ಪು ಹಾಕಿದ ಹಾಲು ಒಂದು ರಾತ್ರಿಯಲ್ಲಿ ಮೊಸರಾಗುತ್ತದೆ. ಈ ಜೀವಿಗಳದು ಅಂತಹ ಅವಸರದ ಸ್ವಭಾವವಲ್ಲ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೆಲೆಸಿದ ತೊಟ್ಟಿಯ ಸೋಸುಗಲ್ಲುಗಳನ್ನು ತಂದರೆ ಹೆಪ್ಪಿನಂತೆ ಕೆಲಸವಾಗುತ್ತದೆ. ಆದರೆ ಸಿಹಿನೀರಿನ ಹೆಪ್ಪು ಉಪ್ಪುನೀರಿಗೆ ಸುಲಭವಾಗಿ ಒಗ್ಗದು. ಕಡಲಿನ ಹವಳದ ಕಲ್ಲನ್ನು ತರುವ ಯೋಚನೆಯಂತೂ ಬೇಡ. ಹವಳಗಳಿಗೆ 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ದೊರೆತಿದೆ. ಸರಂಧ್ರವಾದ ಪಿಂಗಾಣಿ ತುಂಡುಗಳು ಸಾಕು.

ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡಾಗ ಭದ್ರಾವತಿಯ ನಮ್ಮ ಬೀಗರು ನಕ್ಕರು. ಅವರು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದವರು. ಆ ಕಾಲದಲ್ಲಿ ನಕ್ಷೆಯ ಪ್ರತಿಗಳ ಮೇಲೆ ಗೆರೆ ಮೂಡಿಸುತ್ತಿದ್ದುದು ಅಮೋನಿಯಾದ ಆವಿಯೇ. “ಬೀಗರೇ, ನೀವು ಅದನ್ನು ಪುಸ್ತಕದಲ್ಲಿ ಓದಿದವರು. ನಾನು ಇಪ್ಪತ್ತೈದು ವರ್ಷ ಮೂಗಿನಲ್ಲಿ ಕುಡಿದವನು. ಮೀನಿಲ್ಲದೆಯೇ ತೊಟ್ಟಿ ನಡೆಸಿ ನೋಡಿ” ಎಂದರು. ಮರುವಾರ ತಾವೇ ಬಸ್ಸಿನಲ್ಲಿ ಬಂದು ಮೊಮ್ಮಗನ ಕೈಗೆ ಒಂದು ನೂರು ಪುಟದ ನೋಟುಪುಸ್ತಕವನ್ನು ಕೊಟ್ಟರು.

ಹಾಗೆಯೇ ಮಾಡಿದೆವು. ಸಾಬೂನು, ಸುವಾಸನೆ ಯಾವುದೂ ಬೆರೆಯದ ಅಮೋನಿಯಾ ದ್ರಾವಣವನ್ನು ಲೀಟರಿಗೆ 2 ಮಿಲಿಗ್ರಾಂ ಆಗುವಂತೆ ಹನಿಹನಿಯಾಗಿ ಹಾಕಿ, ದಿನ ಬಿಟ್ಟು ದಿನ ಪರೀಕ್ಷಿಸಿದೆವು. (ಅಮೋನಿಯಾ ಸಿಗದವರು ಒಂದು ಸಿಗಡಿಯನ್ನು ಕೊಳೆಯಲು ಬಿಡುವುದುಂಟು; ನಮ್ಮಂತಹ ಮನೆಗಳಲ್ಲಿ ಅದು ನಡೆಯುವ ಮಾತಲ್ಲ.) ಪರೀಕ್ಷೆಯ ಸಾಮಗ್ರಿ ಸಮುದ್ರದ ನೀರಿಗೂ ಹೊಂದುವಂತಹದೇ ಎಂದು ನೋಡಿ ಕೊಳ್ಳಬೇಕು. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಮೊದಲ ಎರಡು ವಾರ ಹಸಿರೇ ಹಸಿರು. ಹದಿನೇಳನೆಯ ದಿನ ಬಣ್ಣ ತೆಳುವಾಯಿತು. ಅಷ್ಟರಲ್ಲಿ ನೈಟ್ರೈಟ್ ಏರಿತ್ತು. ಕಡಲ ನೀರಿನ ಕ್ಲೋರೈಡ್ ಅಡ್ಡಬರುವುದರಿಂದ ನೈಟ್ರೈಟ್ ಇಲ್ಲಿ ಸಿಹಿನೀರಿನಲ್ಲಿದ್ದಷ್ಟು ಘಾತಕವಲ್ಲ, ಆದರೂ ಅದು ಇಳಿಯುವವರೆಗೆ ಕಾದೆವು. ಹಾಕಿದ 2 ಮಿಲಿಗ್ರಾಂ ಅಮೋನಿಯಾ ಒಂದೇ ದಿನದಲ್ಲಿ ಕರಗಿ, ನೈಟ್ರೈಟೂ ಸೊನ್ನೆಯಾದದ್ದು ನಲವತ್ತೊಂದನೆಯ ದಿನ. ಅರ್ಧದಷ್ಟು ನೀರು ಬದಲಾಯಿಸಿ, ಹಿಡಿದು ತಂದವಲ್ಲದ, ತೊಟ್ಟಿಯಲ್ಲಿಯೇ ಮರಿಯಾದ ಎರಡು ಕ್ಲೌನ್ ಮೀನುಗಳನ್ನು ಬಿಟ್ಟೆವು.

ಮಳೆಗಾಲ ಬೇರೊಂದು ಪರೀಕ್ಷೆ ಒಡ್ಡಿತು. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ವಿದ್ಯುತ್ ಹೋಗಿ ಸೋಸುಯಂತ್ರ ಹಲವು ತಾಸು ನಿಂತರೆ ಅವು ಸಾಯತೊಡಗುತ್ತವೆ. ಬ್ಯಾಟರಿಯ ಗಾಳಿಯಂತ್ರವೊಂದು ಮನೆಯಲ್ಲಿರಲಿ. ಸೋಸುಗಲ್ಲುಗಳನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಅವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅಲುಬಿದರಾಯಿತು. ಆವಿಯಾದ ನೀರಿಗೆ ಬದಲಾಗಿ ಕ್ಲೋರಿನ್ ತೆಗೆದ ಸಿಹಿನೀರನ್ನೇ ಹಾಕಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಮೀನಿರುವಾಗ ಅಮೋನಿಯಾ ಕಾಣಿಸಿಕೊಂಡರೆ ಒಂದೆರಡು ದಿನ ಆಹಾರ ನಿಲ್ಲಿಸಿ, ಅಷ್ಟೇ ಉಪ್ಪು ಮತ್ತು ಅಷ್ಟೇ ಬೆಚ್ಚಗಿನ ಹೊಸ ನೀರಿನಿಂದ ಕಾಲುಭಾಗವನ್ನು ಬದಲಾಯಿಸಿ.

ಆ ಎರಡು ಮೀನುಗಳು ಇಂದಿಗೂ ಇವೆ. ಬೀಗರೂ ಈಗ ಒಂದು ತೊಟ್ಟಿ ಇಟ್ಟಿದ್ದಾರೆ. ಇಂದಿಗೆ ಹನ್ನೆರಡನೆಯ ದಿನ. ಸಂಜೆ ಫೋನ್ ಬಂದರೆ ಮೊಮ್ಮಗನೇ ತೆಗೆದುಕೊಳ್ಳುತ್ತಾನೆ. “ಇನ್ನೂ ಹಸಿರಾ ತಾತ? ಹಾಗಾದ್ರೆ ಮೀನು ತರಬೇಡಿ” ಎನ್ನುತ್ತಾನೆ.