ಅರಸುಮನೆಯಿಂದ ಮತಪೆಟ್ಟಿಗೆಗೆ

ಅರಸುಗಳ ವಿಷಯದಲ್ಲಿ ನಮ್ಮ ಸೀಮೆಯ ಜನರ ಮನಸ್ಸು ಬಹು ಮೃದುವಾದುದು. ಕಂಪ್ಲಿಯ ಕುಮಾರರಾಮನ ಸಾಹಸವನ್ನು ಇಂದಿಗೂ ಹಾಡುವರು; ಹಂಪೆಯ ಹಾಳುಗೋಡೆಗಳ ನಡುವೆ ನಿಂತು ನಿಟ್ಟುಸಿರುಗರೆವರು. ಈ ಅಭಿಮಾನವು ತಪ್ಪಲ್ಲ. ಆದರೆ ಪ್ರಜಾರಾಜ್ಯದಲ್ಲಿ ಅರಸುಮಗನನ್ನು ಅಳೆಯುವ ಕೋಲು ಬೇರೆಯಾಗಿರತಕ್ಕದ್ದು. ಹೊಸಪೇಟೆಯ ತೆಂಕಣ ಗುಡ್ಡಗಳಾಚೆಯ ಸಂಡೂರಿನ ಎಂ. ವೈ. ಘೋರ್ಪಡೆಯವರ (1931–2011) ಬಾಳನ್ನು ನಾವು ಆ ಕೋಲಿನಿಂದಲೇ ಅಳೆಯಬಯಸುವೆವು.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿಯೂ ಭೂಮಾಲಿಕರು ರಾಜಕಾರಣಕ್ಕಿಳಿದರು. ಆದರೆ 1872ರ ವರೆಗೆ ಅಲ್ಲಿ ಗುಪ್ತ ಮತದಾನವಿರಲಿಲ್ಲ. ಗೇಣಿದಾರನು ಒಡೆಯನ ಕಡೆಯವರು ಕೇಳುವಂತೆಯೇ ಮತ ಹೇಳಬೇಕಾಗಿದ್ದಿತು. ಅಂಥ ಗೆಲುವು ಗೆಲುವೆನಿಸುವದೆ? ಸಂಡೂರಿನ ಅರಸುಮಗನಿಗೆ ಆ ಅನುಕೂಲವಿರಲಿಲ್ಲ. ಸಂಸ್ಥಾನವು 1949ರಲ್ಲಿ ಮದ್ರಾಸ ಪ್ರಾಂತದಲ್ಲಿ ಲೀನವಾಯಿತು. 1953ರಲ್ಲಿ ಬಳ್ಳಾರಿಯ ಸೀಮೆಯೊಡನೆ ಮೈಸೂರನ್ನು ಸೇರಿತು. ಆ ಮೇಲೆ ಒಡೆಯನಿಗೂ ಒಕ್ಕಲಿಗನಿಗೂ ಒಂದೊಂದೇ ಮತ.

ಘೋರ್ಪಡೆಯವರದು ಮರಾಠಾ ಮನೆತನ. ಆಳಿದುದು ಕನ್ನಡದ ನೆಲವನ್ನು. ತಂದೆ ಯಶವಂತರಾಯರು 1932ರಲ್ಲಿ ಕುಮಾರಸ್ವಾಮಿಯ ದೇವಾಲಯವನ್ನು ಹರಿಜನರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಯು ಬಂದುದು 1936ರಲ್ಲಿ ಎಂಬುದನ್ನು ವಾಚಕರು ನೆನೆಯಬೇಕು. 1934ರಲ್ಲಿ ಗಾಂಧೀಜಿಯವರೂ ಸಂಡೂರಿಗೆ ಬಂದಿದ್ದರು. ಮಗನು ಕೇಂಬ್ರಿಜ್ಜಿನಲ್ಲಿ ಅರ್ಥಶಾಸ್ತ್ರವನ್ನೋದಿ ಬಂದು, ಊರಿನವರ ಮತದಿಂದಲೇ ಶಾಸನಸಭೆಗೆ ಹಲವು ಸಲ ಆರಿಸಿ ಹೋದರು.

ನಿಜವಾದ ಪರೀಕ್ಷೆಯು ಬಂದುದು ಮುಂದೆ. 1972ರಲ್ಲಿ ಅವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಅರ್ಥಸಚಿವರಾದರು. ಮರುವರ್ಷವೇ, 1973ರಲ್ಲಿ, ಸಮಾಜವಾದಿಗಳ ಮುಂದಾಳತನದಲ್ಲಿ ಸಂಡೂರಿನ ರೈತರು ಭೂಮಿಗಾಗಿ ಸತ್ಯಾಗ್ರಹ ಹೂಡಿದರು. ಬೆಂಗಳೂರಿನಲ್ಲಿ ಉಳುವವನಿಗೆ ಹೊಲವನ್ನು ಕೊಡಿಸಹೊರಟ ಸರಕಾರ. ಅದೇ ಸರಕಾರದ ಬೊಕ್ಕಸವನ್ನು ನೋಡುವವರ ಊರಿನಲ್ಲಿಯೇ ಹೊಲಕ್ಕಾಗಿ ಕೂಗು! 1974ರ ಮಾರ್ಚ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಯಿತು. ಗೇಣಿದಾರನು ಅರ್ಜಿಯನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಗಿದ್ದಿತು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ; ವಕೀಲರಾದ ನಾವು ಅದಕ್ಕೆ ಮುನಿಯುವದಿಲ್ಲ. ಬಡವನ ಮಾತು ಬಡವನ ಬಾಯಿಂದಲೇ ಬರಲೆಂಬುದು ಶಾಸನದ ಆಶಯವಾಗಿದ್ದಿತು.

ಈ ಎರಡು ಸಂಗತಿಗಳಲ್ಲಿ ಒಂದನ್ನು ಮಾತ್ರ ಹೇಳಿ ಮತ್ತೊಂದನ್ನು ಮುಚ್ಚುವವರು ಚರಿತ್ರೆಗೆ ದ್ರೋಹ ಬಗೆಯುವರು. ಹೊಗಳುಭಟರು ಸತ್ಯಾಗ್ರಹಿಗಳನ್ನು ಮರೆಯುವರು. ನಿಂದಕರು ಅರಸುಮನೆಯಲ್ಲಿ ಹುಟ್ಟಿಯೂ ಭೂಸುಧಾರಣೆಯ ಮಂತ್ರಿಮಂಡಲದಲ್ಲಿ ಕುಳಿತುದನ್ನು ಮರೆಯುವರು. ಮುಂದೆ ಅವರೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ ರಾಜ್ಯದ ಖಾತೆಯನ್ನು ವಹಿಸಿಕೊಂಡು ಅಧಿಕಾರವನ್ನು ಹಳ್ಳಿಯ ಕಟ್ಟೆಗೆ ಇಳಿಸಲು ದುಡಿದರು. ಇದೂ ಲೆಕ್ಕಕ್ಕೆ ಬರತಕ್ಕದ್ದೇ.

ನಮ್ಮ ತೀರ್ಪು ಇಷ್ಟು: ದೊಡ್ಡ ಮನೆಯ ಹುಟ್ಟು ಪುಣ್ಯವೂ ಅಲ್ಲ, ಪಾಪವೂ ಅಲ್ಲ. ತನ್ನ ಹೊಲದ ಬೇಲಿಯವರೆಗೂ ಕಾಯಿದೆಯನ್ನು ಬರಗೊಡುವನೋ ಇಲ್ಲವೋ, ಅದೊಂದೇ ಪ್ರಶ್ನೆ. ಅದನ್ನು ಕೇಳುವ ಧೈರ್ಯವನ್ನು 1973ರಲ್ಲಿ ಸಂಡೂರಿನ ರೈತನು ತೋರಿದನು. ಹಿರಿಯ ಮನೆತನದವರು ಕೈ ಮುಗಿದು ಮತ ಬೇಡಲು ಬಂದಾಗ ಕನ್ನಡಿಗರೆಲ್ಲರೂ ಅದನ್ನು ಕೇಳುವಂತಾಗಲಿ. ಅರಸರನ್ನು ಹಾಡಿ ಹೊಗಳಿದ ನಾಡಿಗೆ ಲೆಕ್ಕ ಕೇಳುವ ವಿದ್ಯೆಯೂ ಬರಬೇಕು.