ಬಯಲು ಮದುವೆಯ ಪಟ್ಟಿಯಲ್ಲಿ ನಮ್ಮ ಲೆಕ್ಕ ಎಲ್ಲಿ?



ತುಳಸಿ ಲಗ್ನ ಮುಗಿಯಿತೆಂದರೆ ಮಹಾರಾಷ್ಟ್ರದಲ್ಲಿ ಮದುವೆಯ ಹಂಗಾಮು. ಈಗಿನ ಉಳ್ಳವರಿಗೆ ಕಲ್ಯಾಣ ಮಂಟಪದ ನಾಲ್ಕು ಗೋಡೆ ಸಾಲದು. ನಾಶಿಕದ ದ್ರಾಕ್ಷಿ ತೋಟ ಬೇಕು, ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ದಂಡೆ ಬೇಕು. 2023ರಲ್ಲಿ ಔರಂಗಾಬಾದ್ ಹೆಸರು ಕಳಚಿಕೊಂಡ ಛತ್ರಪತಿ ಸಂಭಾಜಿನಗರದಲ್ಲಿ ಬೀಡ್ ಬೈಪಾಸಿನ ಲಾನುಗಳು ಬೇಕು. ಬಯಲಲ್ಲಿ ಮದುವೆಯಾಗುವುದು ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಅಜ್ಜ ಅಜ್ಜಿಯರ ಧಾರೆಯೂ ಅಂಗಳದ ಚಪ್ಪರದಲ್ಲೇ ಆಯಿತು. ನಮ್ಮ ತಕರಾರು ಬೇರೆ.

ಇಂಥ ಮದುವೆಗೆ ತಿಂಗಳುಗಟ್ಟಲೆ ಮೊದಲೇ ಪಟ್ಟಿ ತಯಾರಾಗುತ್ತದೆ. ಹೂವು ಎಲ್ಲಿಂದ, ದೀಪ ಎಷ್ಟು, ಬ್ಯಾಂಡಿನವರು ಯಾರು, ಅತಿಥಿಗಳ ಕಾರು ಎಲ್ಲಿ ನಿಲ್ಲಬೇಕು, ಮಳೆ ಬಂದರೆ ಯಾವ ಬಟ್ಟೆ ಹೊದಿಸಬೇಕು, ಎಲ್ಲವೂ ಅದರಲ್ಲಿದೆ. ಸಾವಿರ ಎಲೆಗೆ ಬಡಿಸುವವನು ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬ ಒಂದು ಸಾಲು ಮಾತ್ರ ಅದರಲ್ಲಿಲ್ಲ.

ಇದು ಕೇಳಿ ಬರೆದ ಮಾತಲ್ಲ. ಒಂದು ಡಿಸೆಂಬರಿನಲ್ಲಿ ಗುತ್ತಿಗೆದಾರನೊಬ್ಬ ನಮ್ಮ ಹದಿನೆಂಟು ಮಂದಿಯನ್ನು ಟೆಂಪೋದಲ್ಲಿ ತುಂಬಿ, ಕಸಾರಾ ಘಾಟಿ ಹತ್ತಿಸಿ ನಾಶಿಕಕ್ಕೆ ಒಯ್ದ. ಬೆಳಗಿನ ಆರಕ್ಕೆ ಇಳಿದವರು ನೇರ ಭಟ್ಟಿಯ ಮುಂದೆ ನಿಂತೆವು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದಾಯಿತು, ಏಕೆಂದರೆ 2000ದ ಶಬ್ದಮಾಲಿನ್ಯ ನಿಯಮ ಹಾಗೆ ಹೇಳುತ್ತದೆ. ನಮ್ಮ ಕೈ ಬಂದಾಗಲಿಲ್ಲ. ಪಾತ್ರೆ ತೊಳೆದು ಮುಗಿಯುವಾಗ ಎರಡು ಗಂಟೆ. ನಾಶಿಕ ಜಿಲ್ಲೆಯ ಚಳಿ ಬಲ್ಲವರೇ ಬಲ್ಲರು. ನಿಫಾಡದ ಕಡೆ ದ್ರಾಕ್ಷಿ ಬಳ್ಳಿಯೇ ಮುದುಡುತ್ತದೆ. ಮಂಟಪದ ಹಿಂದೆ ಜಮಖಾನೆ ಸುತ್ತಿಕೊಂಡು ಬಿದ್ದೆವು. ಕುಂದಾಪುರದ ಕಡೆಯ ಹುಡುಗನೊಬ್ಬ ಜ್ವರದಲ್ಲಿ ನಡುಗುತ್ತಿದ್ದ. ಹತ್ತು ಮಾರು ಆಚೆ ಮದುಮಗನ ಕುದುರೆ ಕಟ್ಟಿತ್ತು. ಅದಕ್ಕೆ ಕಂಬಳಿ ಹೊದಿಸಿದ್ದರು. ಕುದುರೆಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದರ ಕಂಬಳಿ ಯಾರದೋ ಪಟ್ಟಿಯಲ್ಲಿತ್ತು, ನಮ್ಮದು ಇರಲಿಲ್ಲ, ಅಷ್ಟೇ. ಬೆಳಿಗ್ಗೆ ಕೈಗೆ ಬಂದದ್ದು ಒಂದೇ ದಿನದ ಕೂಲಿ.

ಬೇಸಿಗೆಯಲ್ಲಿ ಇನ್ನೊಂದು ಪಾಡು. ಮರಾಠವಾಡದ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಅತಿಥಿಗಳಿಗೆ ನೀರು ಚಿಮುಕಿಸುವ ಫ್ಯಾನು, ಭಟ್ಟಿಯವನಿಗೆ ತಗಡಿನ ಮಾಡು. ಬಯಲ ಬಿಸಿಲು ಏನು ಮಾಡಬಲ್ಲದೆಂದು 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್ ತೋರಿಸಿತು. ಅಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಬಂದು ಕುಳಿತವರಲ್ಲಿ 14 ಮಂದಿ ಬಿಸಿಲಿಗೆ ಬಲಿಯಾದರು. ಕುಳಿತವರ ಗತಿಯೇ ಹೀಗಾದರೆ ಬೆಂಕಿಯ ಮುಂದೆ ನಿಂತವರ ಗತಿಯೇನು?

ಬೆಂಕಿಯ ಮಾತೂ ಬಂತು. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮದುವೆ ಮಂಟಪವೊಂದರ ಚಪ್ಪರಕ್ಕೆ ಬೆಂಕಿ ತಗಲಿ, ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸತ್ತರು. ಇಂದಿಗೂ ಲಾನಿನ ಹಿಂದೆ ಬಟ್ಟೆಯ ಗೋಡೆ, ಅದರ ಮಗ್ಗುಲಲ್ಲೇ ಗ್ಯಾಸಿನ ಸಿಲಿಂಡರು, ಗಾಳಿಗೆ ವಾಲುವ ಉರಿ. ಹೊತ್ತಿಕೊಂಡರೆ ಮೊದಲು ಬೇಯುವವರು ನಾವು. ಆಮೇಲೆ ಅತಿಥಿಗಳು.

ಮದುವೆಯ ಯಜಮಾನರನ್ನು ಕೇಳಿದರೆ ‘ಅದು ಗುತ್ತಿಗೆದಾರನಿಗೆ ಬಿಟ್ಟದ್ದು’ ಎನ್ನುತ್ತಾರೆ. ಗುತ್ತಿಗೆದಾರನನ್ನು ಕೇಳಿದರೆ ‘ಯಜಮಾನರು ಕೊಟ್ಟ ರೇಟಿಗೆ ಇಷ್ಟೇ’ ಎನ್ನುತ್ತಾನೆ. ತುಪ್ಪ ಯಾವುದು, ಪನೀರು ಎಲ್ಲಿಯದು ಎಂದು ಮೂರು ಸಲ ಬಂದು ರುಚಿ ನೋಡುವ ಯಜಮಾನರಿಗೆ, ‘ನಿನ್ನ ಜನ ಎಲ್ಲಿ ಮಲಗುತ್ತಾರಪ್ಪಾ?’ ಎಂದು ಒಂದು ಸಲ ಕೇಳಲು ಬಾಯಿ ಬರುವುದಿಲ್ಲವೇ?

ನಾವು ಭಿಕ್ಷೆ ಬೇಡುತ್ತಿಲ್ಲ. ಪಟ್ಟಿಗೆ ಐದು ಸಾಲು ಸೇರಿಸಿರೆಂದು ಕೇಳುತ್ತೇವೆ. ದುಡಿಯುವವರಿಗೆ ನೆರಳು ಮತ್ತು ಕುಡಿಯುವ ನೀರು. ಅತಿಥಿಗಳ ಊಟದ ಜೊತೆಗೇ ನಮ್ಮ ಊಟ, ಮಿಕ್ಕಿದ್ದಲ್ಲ. ಮಲಗಲು ಮಾಡಿನ ಕೆಳಗೆ ಜಾಗ, ಶೌಚಕ್ಕೆ ಬಾಗಿಲು. ಭಟ್ಟಿಯ ಬಳಿ ಮರಳು, ಬೆಂಕಿ ಆರಿಸುವ ಸಾಧನ. ಹೆಚ್ಚಿನ ಹೊತ್ತಿಗೆ ಹೆಚ್ಚಿನ ಕೂಲಿ. ಈ ಕೊನೆಯದು ನಮ್ಮ ಸ್ವಂತ ಕಲ್ಪನೆಯಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೇ ಓವರ್‌ಟೈಮಿಗೆ ಎರಡು ಪಟ್ಟಿಗೆ ಕಡಿಮೆಯಿಲ್ಲದ ದರ ಹೇಳುತ್ತದೆ. ಆ ಸಂಹಿತೆಗಳ ಬಗ್ಗೆ ನಮಗೆ ಬೇರೆ ಜಗಳಗಳಿವೆ. ಆದರೆ ಬರೆದದ್ದನ್ನಾದರೂ ಕೊಡಲಿ.

ಇನ್ನು ನಮ್ಮ ಮನೆಯ ಮಾತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಕುಟುಂಬಗಳ ಮಕ್ಕಳು ಎಷ್ಟೋ ಮಂದಿ ಇಂದು ತಟ್ಟೆ ಹಿಡಿದು ಬಡಿಸುತ್ತಿದ್ದಾರೆ. ಅವರೇ ತಂಗಿಯ ಮದುವೆಗೆ ಬಡ್ಡಿಗೆ ಸಾಲ ತಂದು ಲಾನು ಹಿಡಿಯುತ್ತಾರೆ! ಯಾರನ್ನು ಮೆಚ್ಚಿಸಲು? ಜ್ಯೋತಿಬಾ ಫುಲೆಯವರು 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿ ದುಂದಿಲ್ಲದ ಮದುವೆಯ ದಾರಿ ತೋರಿಸಿದ್ದು ಇದೇ ಮಹಾರಾಷ್ಟ್ರದಲ್ಲಿ. ನಮ್ಮ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆಗಳು ನಡೆದಿವೆ. ಅಲ್ಲಿ ತಾಳಿ ಕಟ್ಟಿಸಿಕೊಂಡವರ ಸಂಸಾರ ಏನೂ ಕಡಿಮೆಯಾಗಿಲ್ಲ. ಲಾನೇ ಬೇಕೆಂದರೆ ಹಿಡಿಯಿರಿ. ಆದರೆ ಅಲ್ಲಿಯ ಮಾಣಿಗೆ ಮೊದಲು ಎಲೆ ಹಾಕಿ. ನಾವೇ ಮರೆತರೆ ಪರರನ್ನು ಕೇಳುವ ಮುಖ ನಮಗೆಲ್ಲಿದೆ?

ಬಂಧುಗಳೇ, ಈ ಹಂಗಾಮಿನಲ್ಲಿ ಟೆಂಪೋ ಹತ್ತುವ ಮೊದಲು ಕೂಲಿ ಎಷ್ಟು, ಹೊತ್ತು ಎಷ್ಟು, ಮಲಗುವುದೆಲ್ಲಿ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಒಬ್ಬನೇ ಕೇಳಿದರೆ ಇಳಿಸಿಬಿಡುತ್ತಾರೆ. ಹದಿನೆಂಟು ಮಂದಿಯೂ ಕೇಳಿದರೆ ಗುತ್ತಿಗೆದಾರ ಯಾರನ್ನು ಇಳಿಸಿಯಾನು? ಆ ದಿನ ನಾಶಿಕದಲ್ಲಿ ಬಡಿಸುವವರು ಬೇಕಲ್ಲ!