ಕಮಾನಿಗಿಂತ ಮೊದಲು ಮೆಟ್ಟಲು

ಸ್ಮರಣ ಸಂಚಿಕೆಯಲ್ಲಿ ಬಿರುಕು, ಬೀಗ, ಬೆಂಕಿಗಳ ಮಾತು ತಕ್ಕದ್ದಲ್ಲವೆಂದು ಕೆಲವರು ಎಣಿಸಬಹುದು. ಆದರೆ ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯಿತಂದೆಗಳಿಗೂ, ಈ ಹೆಂಚಿನ ಮಾಡಿನ ಕೆಳಗೆ ಕಲಿತುಹೋದ ಹಳೆಯ ವಿದ್ಯಾರ್ಥಿನಿಯರಿಗೂ ನಾವು ಈ ವರ್ಷ ಇದನ್ನೇ ಅರಿಕೆಮಾಡಬೇಕಾಗಿದೆ.

೨೦೦೪ನೆಯ ಇಸವಿ ಜುಲೈ ೧೬ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ೯೪ ಮಂದಿ ಮಕ್ಕಳು ಬೆಂಕಿಗೆ ಆಹುತಿಯಾದರು. ಮಧ್ಯಾಹ್ನದ ಊಟ ಬೇಯಿಸುವ ಅಡಿಗೆಮನೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಮಾಡಿಗೆ ತಗಲಿತು. ಮೇಲಂತಸ್ತಿನ ಮಕ್ಕಳು ಇಳಿದುಬರಬೇಕಾದ ಮೆಟ್ಟಲು ಇಕ್ಕಟ್ಟಾಗಿತ್ತು. ಒಲೆ, ಮಾಡು, ಮೆಟ್ಟಲು ಈ ಮೂರೂ ದಿನಂಪ್ರತಿ ಎಲ್ಲರ ಕಣ್ಣೆದುರಿಗೇ ಇದ್ದವು. ಶಾಲಾ ಕಟ್ಟಡಗಳನ್ನು ಪರೀಕ್ಷಿಸಬೇಕು, ಬೆಂಕಿ ನಂದಿಸುವ ಸಾಧನಗಳನ್ನು ಇಡಬೇಕು, ಉಪಾಧ್ಯಾಯರಿಗೆ ತರಬೇತಿ ಕೊಡಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ೨೦೦೯ರ ಏಪ್ರಿಲ್ ತಿಂಗಳಲ್ಲಿ ಆಜ್ಞಾಪಿಸಿತು.

ನಮ್ಮದು ಹೆಂಚಿನ ಮಾಡಷ್ಟೆ ಎಂದು ನಾವೂ ನಿಶ್ಚಿಂತರಾಗಿದ್ದೆವು. ಹೆಂಚಿನ ಕೆಳಗಿರುವ ತೊಲೆ, ಪಕಾಸು, ರೀಪುಗಳೆಲ್ಲವೂ ಮರದವೆಂಬುದನ್ನು ಮರೆತಿದ್ದೆವು. ಹೋದ ವರ್ಷ ಒಂದು ದಿನ ಗಂಟೆ ಬಾರಿಸಿ ಮಕ್ಕಳನ್ನು ಬಯಲಿಗೆ ಇಳಿಸುವ ಅಭ್ಯಾಸ ಮಾಡಿಸಿದಾಗ ಮೇಲಿನ ಸಭಾಂಗಣದ ಹಿಂಬಾಗಿಲಿಗೆ ಬೀಗವಿತ್ತು. ಬೀಗದ ಕೈ ಕಾವಲುಗಾರನ ಬಳಿಯಲ್ಲಿ; ಕಾವಲುಗಾರನು ಅಂಚೆಕಚೇರಿಯಲ್ಲಿ! ಹುಡುಗಿಯರ ರಕ್ಷಣೆಗೆಂದು ಆ ಬೀಗವನ್ನು ಹಾಕಿಸಿದವರು ನಾವೇ. ಮಕ್ಕಳು ನಕ್ಕರು, ನಮಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಬೀಗ ತೆಗೆಸಿ ನೋಡಿದರೆ ಆಚೆಯ ಮರದ ಮೆಟ್ಟಲನ್ನು ಗೆದ್ದಲು ತಿಂದಿತ್ತು.

ಅಂದಿನಿಂದ ಹಾಜರಿ ಪುಸ್ತಕದಂತೆ ಕಟ್ಟಡಕ್ಕೂ ಒಂದು ಪುಸ್ತಕವನ್ನಿಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಗೋಡೆಯೊಳಗೆ ಸೇರುವ ತೊಲೆಗಳ ತುದಿ, ಸೋರುವ ಹೆಂಚು, ಗೋಡೆಯಲ್ಲಿ ಚಿಗುರಿದ ಅರಳಿಸಸಿ, ಹಳೆಯ ವಿದ್ಯುತ್ ತಂತಿ ಇವುಗಳನ್ನು ನೋಡಿ ಬರೆಯಲಾಗುತ್ತದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಗಾರೆಯಿಂದ ಕೂರಿಸಿ ತಾರೀಕು ಬರೆದಿದ್ದೇವೆ; ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆಯೆಂದು ತಿಳಿದು ಇಂಜಿನಿಯರರನ್ನು ಕರೆಯತಕ್ಕದ್ದು. ಸುಣ್ಣ ಬಳಿದು ಬಿರುಕನ್ನು ಮರೆಸುವುದು ದುರಸ್ತಿಯಲ್ಲ. ಬಾಗಿಲುಗಳನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿದ್ದೇವೆ. ಯಾಕಂದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕುವ ಗುಂಪೇ ಮುಚ್ಚಿಬಿಡುತ್ತದೆ.

ಇಳಿಯುವ ಅಭ್ಯಾಸದಿಂದ ಪಾಠದ ಹೊತ್ತು ಹಾಳೆಂದು ಕೆಲವು ಪೋಷಕರು ಆಕ್ಷೇಪಿಸಿದ್ದಾರೆ. ಹೊಗೆ ತುಂಬಿದಾಗ ಬಗ್ಗಿ ನಡೆಯುವುದು, ಬಟ್ಟೆಗೆ ಬೆಂಕಿ ತಗಲಿದರೆ ಓಡದೆ ನೆಲದಲ್ಲಿ ಹೊರಳುವುದು, ವಿದ್ಯುತ್ತಿನ ಬೆಂಕಿಗೆ ನೀರೆರಚದಿರುವುದು ಇವೂ ಪಾಠಗಳೇ ಎಂಬುದು ನಮ್ಮ ಅಭಿಪ್ರಾಯ. ಇವು ಮನೆಯ ಅಡಿಗೆಕೋಣೆಗೂ ಬೇಕಾದವು.

ಹಳೆಯ ವಿದ್ಯಾರ್ಥಿನಿಯರು ಪ್ರೀತಿಯಿಂದ ಹೆಬ್ಬಾಗಿಲಿಗೆ ಕಮಾನು ಕಟ್ಟಿಸಲು ಹಣ ಕೂಡಿಸಿದ್ದಾರೆ. ನಾವು ಕೃತಜ್ಞರು. ಆದರೂ ಆ ಹಣದಿಂದ ಮೊದಲು ಹಿಂದಿನ ಮೆಟ್ಟಲನ್ನು ಕಲ್ಲಿನಿಂದ ಕಟ್ಟಿಸಲು ಅನುಮತಿ ಬೇಡುತ್ತೇವೆ. ಅದು ದಾರಿಹೋಕರಿಗೆ ಕಾಣದು. ಅದರ ಮೇಲೆ ಹೆಸರು ಕೆತ್ತಿಸಿದರೂ ಓದುವವರು ಕಡಿಮೆ. ಮೆಟ್ಟಲಾಗುವ ತನಕ ಮೇಲಿನ ಸಭಾಂಗಣದಲ್ಲಿ ಪಾಠವಾಗಲಿ ಸಭೆಯಾಗಲಿ ನಡೆಯದು. ಆದಕಾರಣ ಈ ಸಲದ ಕೂಟವು ಮಾವಿನಮರದ ಕೆಳಗೆ ನಡೆಯುವುದು. ಎಲ್ಲರೂ ದಯಮಾಡಿ ಬರಬೇಕು.

— ಮುಖ್ಯೋಪಾಧ್ಯಾಯಿನಿ